ಹುಳಿಯಿಲ್ಲದ ಕಲೆ

ಮಾರ್ಚ್ ೩, ಸೋಮವಾರ

ಡಾಕ್ಟರು ಇವತ್ತು ಒಂದು ಪ್ರಶ್ನೆ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅಕ್ಕ ಬಾಯಿ ಬಿಟ್ಟಳು, ಬಿಟ್ಟು ಸುಳ್ಳು ಹೇಳಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆವು.

ಎರಡು ವರ್ಷದಿಂದ ಅಕ್ಕನಿಗೆ ಊಟ ಗಂಟಲಿನಿಂದ ಕೆಳಗೆ ಸರಿಯಾಗಿ ಇಳಿಯುತ್ತಿಲ್ಲ. ನಮ್ಮ ಬೀದಿಯ ಡಾಕ್ಟರು ಅಸಿಡಿಟಿ ಎಂದರು. ಮಾತ್ರೆ ಕೊಟ್ಟರು, ಮಾತ್ರೆ ಬದಲಿಸಿದರು, ಮತ್ತೆ ಬದಲಿಸಿದರು. ಮಾತ್ರೆಯ ಬಣ್ಣ ಬದಲಾಯಿತೇ ಹೊರತು ಅಕ್ಕನ ಪಾಡು ಬದಲಾಗಲಿಲ್ಲ. ಅರವತ್ತೆರಡು ಕಿಲೋ ಇದ್ದವಳು ನಲವತ್ತೊಂದಕ್ಕೆ ಬಂದು ನಿಂತಿದ್ದಾಳೆ. ಕೊನೆಗೆ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯವರು ಜಗಳವಾಡಿ ಈ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನು ಕಳಿಸಿದ್ದಲ್ಲ.

ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆದಿದ್ದರು, ಮೂಗಿನಿಂದ ತೆಳ್ಳನೆಯ ನಳಿಗೆ ಇಳಿಸಿ ಒತ್ತಡ ಅಳೆದಿದ್ದರು. ಇವತ್ತು ಎಲ್ಲದರ ಫಲ ಬಂತು. ಅನ್ನನಾಳದ ಕೆಳತುದಿಯಲ್ಲಿ, ಹೊಟ್ಟೆಯ ಬಾಯಲ್ಲಿ, ಒಂದು ಸ್ನಾಯು ಇದೆಯಂತೆ. ನುಂಗಿದಾಗ ಅದು ಸಡಿಲವಾಗಿ ದಾರಿ ಬಿಡಬೇಕು. ಅಕ್ಕನದು ಬಿಡುವುದೇ ಇಲ್ಲ. ತಿಂದದ್ದು ನಾಳದಲ್ಲೇ ನಿಲ್ಲುತ್ತದೆ, ಮಲಗಿದಾಗ ಬಾಯಿಗೆ ಮರಳಿ ಬರುತ್ತದೆ. ಅಕಲೇಸಿಯಾ ಎಂದು ಹೆಸರು.

ಆಮೇಲೆ ಕೇಳಿದರು: “ಮಲಗಿದಾಗ ವಾಪಸ್ ಬರ್ತಿತ್ತಲ್ಲ, ಅದು ಹುಳಿ ಹುಳಿ ಇರ್ತಿತ್ತಾ, ಇಲ್ಲ ತಿಂದ ಹಾಗೇ ಇರ್ತಿತ್ತಾ? ಮನೇಲಿ ಯಾರಾದ್ರೂ ಗಮನಿಸಿದ್ರಾ?” ಹುಳಿ ಇಲ್ಲವೆಂದರೆ ಹೊಟ್ಟೆಗೆ ಹೋಗಿಯೇ ಇಲ್ಲ ಎಂದರ್ಥವಂತೆ. ಆ ಒಂದು ಮಾತು ಮೊದಲೇ ಹೇಳಿದ್ದರೆ ಬೀದಿಯ ಡಾಕ್ಟರೇ ಆವತ್ತೇ ಇಲ್ಲಿಗೆ ಕಳಿಸುತ್ತಿದ್ದರಂತೆ.

“ಇಲ್ಲ ಡಾಕ್ಟ್ರೇ, ಯಾರೂ ನೋಡಿಲ್ಲ,” ಎಂದಳು ಅಕ್ಕ. ನಾನು ನನ್ನ ಚೀಲದ ಜಿಪ್ಪು ಎಳೆಯುತ್ತ ಕೂತಿದ್ದೆ.

ಮಾರ್ಚ್ ೪, ಮಂಗಳವಾರ

ಬರೆದೇ ಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲವಲ್ಲ.

ನಾನು ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನಲ್ಲಿರುವವಳು. ಹದಿನೆಂಟು ವರ್ಷವಾಯಿತು. ಬಟ್ಟೆ ಕೈಗೆ ಬಂದ ಕೂಡಲೇ ಕಲೆ ಎಣ್ಣೆಯದೋ, ರಕ್ತದ್ದೋ, ಶಾಯಿಯದೋ ಗುರುತಿಸಬೇಕು. ತಪ್ಪು ಔಷಧ ಬಿತ್ತೋ, ಬಟ್ಟೆ ಕೆಟ್ಟಿತು. ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಯಜಮಾನರು ಗಿರಾಕಿಗಳ ಮುಂದೆ ಹೊಗಳುತ್ತಾರೆ, ನಾನೂ ಉಬ್ಬಿಕೊಂಡು ಕೇಳಿಸಿಕೊಳ್ಳುತ್ತೇನೆ. ವಾಂತಿಯ ಕಲೆ ಎಂದು ಅನುಮಾನ ಬಂದರೆ ಲಿಟ್ಮಸ್ ಕಾಗದ ಒತ್ತುತ್ತೇವೆ. ಹೊಟ್ಟೆಯಿಂದ ಬಂದದ್ದರಲ್ಲಿ ಹುಳಿ ಇರುತ್ತದೆ, ನೀಲಿ ಕಾಗದ ಕೆಂಪಾಗುತ್ತದೆ.

ನನ್ನ ಗಂಡ ತೀರಿಕೊಂಡ ಮೇಲೆ ಅಕ್ಕನೇ ಬಂದು ನನ್ನ ಪೆಟ್ಟಿಗೆ ಎತ್ತಿಕೊಂಡು ಈ ಮನೆಗೆ ಕರೆತಂದಳು. ಬಿಟ್ಟಿ ಕೂಳು ತಿನ್ನುವವಳು ಎನ್ನಿಸಿಕೊಳ್ಳಬಾರದೆಂದು ಅಡುಗೆ ನಾನು ವಹಿಸಿಕೊಂಡೆ. ನಾಲ್ಕು ತಿಂಗಳಾಗಿತ್ತು ಅಷ್ಟೇ, ಅಕ್ಕ ತಟ್ಟೆಯಲ್ಲಿ ಅರ್ಧ ಬಿಡತೊಡಗಿದಳು. ಊಟದ ನಡುವೆ ಎದ್ದು ಬಚ್ಚಲಿಗೆ ಹೋಗುವಳು. ಒಂದು ಬೆಳಿಗ್ಗೆ ಅವಳ ದಿಂಬಿನ ಮೇಲೆ ಹಿಂದಿನ ದಿನದ ಊಟ, ಅಗಿದದ್ದು ಅಗಿದ ಹಾಗೇ. ಕವರನ್ನು ಲಾಂಡ್ರಿಗೆ ಒಯ್ದು ಕಾಗದ ಒತ್ತಿದೆ. ನೀಲಿಯಾಗಿಯೇ ಉಳಿಯಿತು. ಮತ್ತೆರಡು ದಿನ ನೋಡಿದೆ. ಆಗಲೂ ನೀಲಿ.

ಊಟ ಹೊಟ್ಟೆಗೆ ಹೋಗಿಲ್ಲ ಎಂದು ತಿಳಿಯಿತು. ಅಲ್ಲಿಯವರೆಗೆ ಸರಿಯೇ. ಹೊಟ್ಟೆಗೆ ಹೋಗಿಲ್ಲ ಎಂದ ಮೇಲೆ ಬಾಯಲ್ಲಿಟ್ಟುಕೊಂಡು ಬೇಕೆಂದೇ ಉಗುಳಿದ್ದಾಳೆ ಎಂದು ತೀರ್ಮಾನ ಮಾಡಿದೆ. ಬಾಯಿಗೂ ಹೊಟ್ಟೆಗೂ ನಡುವೆ ಒಂದು ನಾಳವಿದೆ, ಅಲ್ಲಿಯೂ ನಿಲ್ಲಬಹುದು ಎಂದು ಹೊಳೆಯಲೇ ಇಲ್ಲ. ನನ್ನ ಅಡುಗೆ ಬೇಡ, ನಾನು ಇಲ್ಲಿರುವುದೂ ಬೇಡ, ಹೇಳಲಾರದೆ ಹೀಗೆ ತೋರಿಸುತ್ತಿದ್ದಾಳೆ ಎಂದುಕೊಂಡೆ. ಆ ಕವರನ್ನು ಅವಳ ಮುಖದ ಮುಂದೆ ಹಿಡಿದೆ. ಇಷ್ಟು ವರ್ಷ ಕಲೆ ನೋಡಿದವಳ ಹತ್ತಿರ ನಾಟಕ ಆಡಬೇಡ, ನೀನು ನುಂಗುವುದೇ ಇಲ್ಲ, ಉಗುಳುತ್ತೀಯ ಎಂದೆ.

ಅಕ್ಕ ಕವರನ್ನೇ ನೋಡುತ್ತಿದ್ದಳು. ಮಾರನೆಯ ದಿನದಿಂದ ನಾನು ಏಳುವುದರೊಳಗೆ ತಾನೇ ಅದನ್ನು ಒಗೆದು ಹಾಕತೊಡಗಿದಳು. ಡಾಕ್ಟರ ಹತ್ತಿರ ಎದೆಯುರಿ ಎಂದಷ್ಟೇ ಹೇಳಿದಳು, ಬಾಯಿಗೆ ಮರಳಿ ಬರುವ ಸಂಗತಿ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡಿದ್ದೆ.

ಮಾರ್ಚ್ ೮, ಶನಿವಾರ

ಎಲ್ಲ ನನ್ನ ತಲೆಗೇ ಯಾಕೆ? ಓದಿದ ಡಾಕ್ಟರಿಗೇ ತಿಳಿಯಲಿಲ್ಲ. ಅಕ್ಕನಿಗೆ ಬಾಯಿ ಇರಲಿಲ್ಲವೇ? ನಾನು ಉಗುಳುತ್ತಿಲ್ಲ ಕಣೇ ಎಂದು ಒಂದು ಸಲ ಜೋರಾಗಿ ಹೇಳಿದ್ದರೆ ಕೇಳುತ್ತಿರಲಿಲ್ಲವೇ?

ಕೇಳುತ್ತಿರಲಿಲ್ಲ.

ಅವಳು ಊಟಕ್ಕೆ ಕೂತರೆ ಮುಕ್ಕಾಲು ಗಂಟೆ ಬೇಕು. ಮೂರು ತುತ್ತು, ಆಮೇಲೆ ಎದ್ದು ನಿಂತು, ಎದೆ ಸೆಟೆಸಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಒಂದು ಲೋಟ ನೀರು. ನೀರಿನ ಭಾರಕ್ಕೆ ತುತ್ತು ಜಾರಬೇಕು. ಇದನ್ನು ನಾನು ಕವಾಯತು ಎಂದು ಅಣಕಿಸುತ್ತಿದ್ದೆ. ಇವತ್ತು ಅಣಕಿಸಲಿಲ್ಲ. ನನ್ನ ತಟ್ಟೆ ಖಾಲಿಯಾದದ್ದೇ ತಡ, ಪಾತ್ರೆ ತೊಳೆಯುವ ನೆವ ಮಾಡಿ ಎದ್ದು ಹೋದೆ.

ಮಾರ್ಚ್ ೧೪, ಶುಕ್ರವಾರ

ತೂಕ ಮೂವತ್ತೊಂಬತ್ತು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆ ಕೊಯ್ಯುವುದಿಲ್ಲ. ಪೂರ್ತಿ ಮಲಗಿಸಿ, ಕ್ಯಾಮೆರಾ ಇರುವ ನಳಿಗೆಯನ್ನು ಬಾಯಿಂದ ಇಳಿಸುತ್ತಾರೆ. ಅನ್ನನಾಳದ ಒಳಪದರದಲ್ಲಿ ಸಣ್ಣ ಸೀಳು ಮಾಡಿ, ಆ ಪದರದ ಹಿಂದೆಯೇ ಸುರಂಗ ತೋಡಿಕೊಂಡು ಕೆಳಗೆ ಹೋಗಿ, ಬಿಗಿದುಕೊಂಡ ಸ್ನಾಯುವನ್ನು ಕತ್ತರಿಸುತ್ತಾರೆ. ಬರುವಾಗ ಸೀಳಿಗೆ ಕ್ಲಿಪ್ಪು ಹಾಕಿ ಮುಚ್ಚುತ್ತಾರೆ. ಹೊರಗೆ ಒಂದು ಗೀರೂ ಇರುವುದಿಲ್ಲ.

“ಒಳ್ಳೇದಾಯ್ತು,” ಎಂದಳು ಅಕ್ಕ. “ಹೊರಗಿದ್ದಿದ್ರೆ ನಮ್ಮ ತಂಗಿ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕ್ತಿದ್ಲು.” ಡಾಕ್ಟರು ನಕ್ಕರು. ನಾನೂ ನಗುವ ಹಾಗೆ ಮುಖ ಮಾಡಿದೆ.

ಎರಡು ವರ್ಷದ ಹಿಂದೆ ಬಂದಿದ್ದರೆ ನೆಟ್ಟಗಿನ ನಾಳ ಸಿಗುತ್ತಿತ್ತಂತೆ. ಈಗ ಊಟ ನಿಂತು ನಿಂತು ಅದು ಹಿಗ್ಗಿದೆ, ಕೆಳಗೆ ಸೊಟ್ಟಗಾಗಿದೆ. ಆದರೂ ಆಗುತ್ತದೆ ಎಂದರು. ಈ ಡಾಕ್ಟರು ಬೇರೆ ಊರಿನವರು, ಹತ್ತು ಹದಿನೈದು ದಿನಕ್ಕೊಮ್ಮೆ ಎರಡು ದಿನದ ಮಟ್ಟಿಗೆ ಬರುತ್ತಾರೆ. ಇಪ್ಪತ್ತಾರಕ್ಕೆ ದಿನ ಕೊಟ್ಟರು. ಇನ್ನೂ ತೂಕ ಇಳಿದರೆ ಇದನ್ನೆಲ್ಲ ಬಿಟ್ಟು ಹೊಟ್ಟೆಗೇ ನಳಿಗೆ ಹಾಕಿ ಊಟ ಕೊಡಬೇಕಾಗುತ್ತದಂತೆ.

ಮೆಟ್ಟಿಲಿಳಿಯುವಾಗ ಹೇಳಿಬಿಡಬೇಕು ಎಂದುಕೊಂಡೆ. ಮೆಟ್ಟಿಲು ಮುಗಿಯಿತು. ಬಸ್ ನಿಲ್ದಾಣದಲ್ಲಿ ಹೇಳಬೇಕು ಎಂದುಕೊಂಡೆ. ಬಸ್ಸು ಎಂದೂ ಇಲ್ಲದ್ದು ಹೊತ್ತಿಗೆ ಸರಿಯಾಗಿ ಬಂತು.

ಮಾರ್ಚ್ ೨೨, ಶನಿವಾರ

ನಾಳೆಯಿಂದ ಮೂರು ದಿನ ನೀರು, ಸೋಸಿದ ಸೂಪು, ಸೋಸಿದ ಹಣ್ಣಿನ ರಸ ಮಾತ್ರ. ಅದಕ್ಕೇ ಇವತ್ತು ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ನುಣ್ಣಗೆ ಹಿಸುಕಿ ಕೊಟ್ಟೆ. ಅಕ್ಕ ಸಾಕು ಎಂದಳು. ಇನ್ನೆರಡು ಚಮಚ ಎಂದು ಬಲವಂತ ಮಾಡಿದೆ. ನನ್ನ ಮುಖ ನೋಡಿ ತಿಂದಳು. ಏಳು ಸಲ ಎದ್ದು ನೀರು ಕುಡಿದಳು. ನಾನು ಎದ್ದು ಹೋಗಲಿಲ್ಲ, ಪಕ್ಕದಲ್ಲಿ ಬಟಾಣಿ ಸುಲಿಯುವುದಿತ್ತು.

ಮಾರ್ಚ್ ೨೫, ಮಂಗಳವಾರ

ಆಸ್ಪತ್ರೆಗೆ ಸೇರಿಸಿದ್ದಾಯಿತು. ಆರು ಮಂಚದ ಕೋಣೆ, ಅಕ್ಕನದು ಕಿಟಕಿಯ ಪಕ್ಕದ್ದು. ನರ್ಸು ಒಂದೊಂದಾಗಿ ಕೇಳಿ ಗುರುತು ಹಾಕಿಕೊಂಡಳು. ಗಟ್ಟಿ ಪದಾರ್ಥ ಏನಾದರೂ ತಿಂದಿರಾ ಎಂದು ಮೂರು ರೀತಿಯಲ್ಲಿ ಕೇಳಿದಳು. ಮಲಗಿಸುವ ಔಷಧ ಕೊಟ್ಟಾಗ ನಾಳದಲ್ಲಿ ಏನಾದರೂ ಉಳಿದಿದ್ದರೆ ಅದು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೀವಕ್ಕೇ ಸಂಚಕಾರ ಎಂದಳು. ತಿಂದಿಲ್ಲ ಎಂದು ನಾನೇ ಜೋರಾಗಿ ಹೇಳಿದೆ, ಮೂರು ದಿನದ ಒಂದೊಂದು ಲೋಟದ ಲೆಕ್ಕವನ್ನೂ ಒಪ್ಪಿಸಿದೆ. ಅಕ್ಕ ನರ್ಸಿಗೆ, ಇವಳನ್ನೇ ಕೇಳಿ, ನನಗಿಂತ ನನ್ನ ವಿಷಯ ಇವಳಿಗೇ ಗೊತ್ತು ಎಂದಳು.

ಮಾರ್ಚ್ ೨೬, ಬುಧವಾರ

ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹನ್ನೊಂದು ಗಂಟೆ.

ಬೆಳಿಗ್ಗೆ ಆರಕ್ಕೆ ಎದ್ದಾಗ ಅಕ್ಕ ಬಚ್ಚಲಿನಿಂದ ಬರುತ್ತಿದ್ದಳು. ಮಂಚದ ತಲೆಕಡೆಯಲ್ಲಿ ಟವೆಲ್ಲಿನ ಹಿಂದೆ ದಿಂಬಿನ ಕವರು ಹಿಂಡಿ ಹಾಕಿತ್ತು. ಏನಾಯಿತು ಎಂದರೆ ನೀರು ಚೆಲ್ಲಿತು ಎಂದಳು. ನೀರು ಚೆಲ್ಲಿದರೆ ಯಾರೂ ಒಗೆಯುವುದಿಲ್ಲ. ಹೊಲಿಗೆಯ ಹತ್ತಿರ, ತಿಕ್ಕುವವರ ಬೆರಳು ಮುಟ್ಟದ ಕಡೆ, ಮಬ್ಬಾದ ಒಂದು ಅಂಚು ಉಳಿದಿತ್ತು.

ಗಾಯಕ್ಕೆ ಹಚ್ಚುವ ಕಂದು ಔಷಧ ನರ್ಸಿನ ತಟ್ಟೆಯಲ್ಲಿತ್ತು. ಅದರಲ್ಲಿ ಅಯೋಡಿನ್ ಇರುತ್ತದೆ. ಅಯೋಡಿನ್ ತಾಗಿದರೆ ಪಿಷ್ಟ ಕಡುನೀಲಿಗೆ ತಿರುಗುತ್ತದೆ. ಬ್ರೆಡ್ಡು, ಆಲೂಗಡ್ಡೆ, ಬಟ್ಟೆಗೆ ಹಾಕುವ ಗಂಜಿ, ಎಲ್ಲದರಲ್ಲೂ ಪಿಷ್ಟವಿದೆ. ಸೋಸಿದ ಸೂಪಿನಲ್ಲಿ, ಹಣ್ಣಿನ ರಸದಲ್ಲಿ ಇಷ್ಟಿರುವುದಿಲ್ಲ. ಕೈ ಗೀರಿಕೊಂಡೆ ಎಂದು ನರ್ಸಿಗೆ ಸುಳ್ಳು ಹೇಳಿ ಹತ್ತಿಯಲ್ಲಿ ಒಂದಿಷ್ಟು ತಂದೆ. ಆಸ್ಪತ್ರೆಯವರು ಬಟ್ಟೆಗೆ ಗಂಜಿ ಹಾಕಿದ್ದರೆ? ಮೊದಲು ಒಳ್ಳೆಯ ಮೂಲೆಗೆ ಒತ್ತಿದೆ. ಕಂದಾಗಿಯೇ ಇತ್ತು. ಆಮೇಲೆ ಕಲೆಗೆ ಒತ್ತಿದೆ. ಕಪ್ಪಿಟ್ಟ ನೀಲಿ.

ಅಕ್ಕ ನೋಡುತ್ತಿದ್ದಳು. “ಹೇಳ್ಬೇಡ ಕಣೇ,” ಎಂದಳು. “ಇವತ್ತು ತಪ್ಪಿದ್ರೆ ಮತ್ತೆ ಹದಿನೈದು ದಿನ. ನನ್ನ ಕೈಲಿ ಆಗಲ್ಲ. ಹೊಟ್ಟೆಗೆ ನಳಿಗೆ ಹಾಕಿಬಿಡ್ತಾರೆ.”

ಹಿಂದೆ ಒಂದು ಕಲೆಯನ್ನು ಓದಿ ಇವಳ ಎರಡು ವರ್ಷ ಹಾಳು ಮಾಡಿದ್ದೇನೆ. ಈಗಲೂ ತಪ್ಪು ಓದಿದ್ದರೆ ಇದ್ದ ಒಂದು ದಿನವನ್ನೂ ಕಳೆದ ಪಾಪ ನನ್ನದು. ಸರಿಯಾಗಿ ಓದಿ ಸುಮ್ಮನಿದ್ದರೆ ಅವಳನ್ನು ಮಲಗಿಸಿದವರು ಎಬ್ಬಿಸಲಾರದೆ ಹೋಗಬಹುದು. ಕವರು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಎಂಟು ಗಂಟೆಗೆ ಅಕ್ಕನ ಸರದಿ ಎಂದು ನರ್ಸು ಗಾಲಿಮಂಚ ತಂದಳು.

ಹೇಳಿದೆ. ಹೇಳಿದ್ದು ಸರಿ. ಆದರೆ ನನ್ನ ಬಾಯಿಂದ ಬಂದ ಮಾತು ಇದು: “ಸಿಸ್ಟರ್, ನಮ್ಮಕ್ಕ ಕದ್ದು ಏನೋ ತಿಂದಿದಾಳೆ.”

ಅಕ್ಕ ಎರಡು ಹೆಜ್ಜೆ ದೂರದಲ್ಲಿ ಕೂತಿದ್ದಳು. ತಲೆಯೆತ್ತಲಿಲ್ಲ, ಇಲ್ಲ ಎನ್ನಲಿಲ್ಲ. ಬೆರಳುಗಳನ್ನು ನೋಡಿಕೊಳ್ಳುತ್ತ ಏನನ್ನೋ ನೆನಪು ಮಾಡಿಕೊಳ್ಳುವ ಹಾಗಿದ್ದಳು.

ಡಾಕ್ಟರು ಬಂದು ಕವರು ನೋಡಿದರು, ಪರೀಕ್ಷೆ ಮಾಡಿದ್ದು ಹೇಗೆಂದು ಕೇಳಿದರು. ಆಮೇಲೆ ಅಕ್ಕನ ಪಕ್ಕ ಕೂತು, ಗಟ್ಟಿ ಪದಾರ್ಥ ಕೊನೆಗೆ ತಿಂದದ್ದು ಯಾವತ್ತು ಎಂದರು. ಶನಿವಾರ ಎಂದಳು ಅಕ್ಕ. ಸ್ವಲ್ಪ ತಡೆದು, ಶನಿವಾರವೇ ಇರಬೇಕು ಎಂದಳು.

“ಇವರು ಏನೂ ಕದ್ದು ತಿಂದಿಲ್ಲ,” ಎಂದರು ಡಾಕ್ಟರು ನನ್ನ ಕಡೆ ತಿರುಗಿ. “ಇದು ಶನಿವಾರದ್ದೇ. ನಾಳ ಅಷ್ಟು ಹಿಗ್ಗಿದೆ, ನಾಲ್ಕು ದಿನವಾದ್ರೂ ಅಲ್ಲೇ ಕೂತಿದೆ. ಮೂರು ದಿನ ಇವರಿಗೆ ಸಾಲಲ್ಲ ಅಂತ ನಾನು ಯೋಚಿಸಬೇಕಿತ್ತು. ನೀವು ಹೇಳಿದ್ದು ಒಳ್ಳೇದಾಯ್ತು.”

ಎಚ್ಚರವಿರುವಾಗಲೇ ಅಗಲವಾದ ನಳಿಗೆ ಹಾಕಿ ನಾಳ ತೊಳೆಯಬೇಕು, ಚಿಕಿತ್ಸೆ ನಾಳೆ ಬೆಳಿಗ್ಗೆ, ಅದಕ್ಕೋಸ್ಕರ ಮೊದಲ ಸರದಿಯಲ್ಲೇ ತೆಗೆದುಕೊಳ್ಳುತ್ತೇನೆ ಎಂದರು. ಒಂಬತ್ತರಿಂದ ಹತ್ತರವರೆಗೆ ತೊಳೆದರು. ಬಾಗಿಲ ಹೊರಗೆ ನಿಂತು ಅವಳು ಓಕರಿಸುವುದನ್ನೆಲ್ಲ ಕೇಳಿಸಿಕೊಂಡೆ. ಆಮೇಲೆ ನರ್ಸು ಬೋಗುಣಿ ತಂದಳು. ಅದರಲ್ಲಿ ಆಲೂಗಡ್ಡೆ. ನಾನು ಬಲವಂತ ಮಾಡಿ ತಿನ್ನಿಸಿದ್ದು.

ನಿಮ್ಮ ತಂಗಿ ನಿಮ್ಮ ಜೀವ ಉಳಿಸಿದರು ಎಂದು ನರ್ಸು ಅಕ್ಕನಿಗೆ ಹೇಳಿದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ನನಗೆ ನಾಚಿಕೆಯಾಗಿ ಮೊಗಸಾಲೆಗೆ ಬಂದುಬಿಟ್ಟೆ.

ಮಾರ್ಚ್ ೨೭, ಗುರುವಾರ

ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಏಳು ಕ್ಲಿಪ್ಪು. ಡಾಕ್ಟರು ಹೊರಗೆ ಬಂದು, ಸ್ನಾಯು ಪೂರ್ತಿ ಬಿಟ್ಟುಕೊಂಡಿದೆ ಎಂದರು. ಅಕ್ಕ ನಿದ್ದೆಯಲ್ಲಿದ್ದಾಳೆ. ಮುಖ ಊದಿಕೊಂಡಿದೆ. ಪಾದ ತಣ್ಣಗಿತ್ತು, ಉಜ್ಜಿದೆ.

ಮಾರ್ಚ್ ೨೮, ಶುಕ್ರವಾರ

ಸೋರಿಕೆ ಇಲ್ಲ ಎಂದು ಖಚಿತ ಮಾಡಲು ಕುಡಿಸಿ ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ನಾನೂ ನೋಡಿದೆ. ದ್ರವ ಒಂದು ಕ್ಷಣ ನಿಂತಿತು, ಆಮೇಲೆ ಸರ್ರನೆ ಕೆಳಗಿಳಿಯಿತು. ಮಧ್ಯಾಹ್ನ ನೀರು ಕೊಟ್ಟರು. ಅಕ್ಕ ಕೂತುಕೊಂಡೇ ಕುಡಿದಳು. ಕುಡಿದು, ಇಳಿಯುವುದಕ್ಕೆ ಕಾಯುವವಳ ಹಾಗೆ ಕಣ್ಣು ಮುಚ್ಚಿದಳು. ಇಳಿದು ಎಷ್ಟೋ ಹೊತ್ತಾಗಿತ್ತು.

ಏಪ್ರಿಲ್ ೧, ಮಂಗಳವಾರ

ಮನೆಗೆ ಬಂದು ಎರಡು ದಿನ. ಅಕ್ಕ ನನ್ನ ಜೊತೆ ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದಾಳೆ. ಲೋಟ ಕೊಟ್ಟರೆ ಥ್ಯಾಂಕ್ಸ್ ಎನ್ನುತ್ತಾಳೆ. ಮೊದಲು ಈ ಲೋಟಕ್ಕೆ ಸೋಪಿನ ವಾಸನೆ ಎಂದು ಮುಖ ಸಿಂಡರಿಸುತ್ತಿದ್ದವಳು. ಬೈದಿದ್ದರೆ ವಾಸಿಯಿತ್ತು.

ಕೆಲಸಕ್ಕೆ ಹೋಗಿದ್ದೆ. ಒಬ್ಬಾಕೆ ರೇಷ್ಮೆಯ ಮೇಲಂಗಿ ತಂದು ಇದು ಏನು ಕಲೆ ಹೇಳಿ ನೋಡೋಣ ಎಂದರು. ನನಗೆ ಗೊತ್ತಿಲ್ಲ, ಏನು ಬಿತ್ತು ನೀವೇ ಹೇಳಿ ಎಂದೆ. ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಜ್ವರವೇ ಎಂದು ಕೇಳಿದರು. ಅವರಿಗೆ ಎಲ್ಲದರಲ್ಲೂ ತಮಾಷೆ.

ಏಪ್ರಿಲ್ ೬, ಭಾನುವಾರ

ಇವತ್ತಿನಿಂದ ಮೆತ್ತಗಿನ ಊಟ ಕೊಡಬಹುದು ಎಂದಿದ್ದರು. ಮಧ್ಯಾಹ್ನ ಅನ್ನವನ್ನು ಚೆನ್ನಾಗಿ ಬೇಯಿಸಿ, ಮೊಸರು ಹಾಕಿ ಕಲಸಿ ಕೊಟ್ಟೆ. ಬಲವಂತ ಮಾಡಲಿಲ್ಲ. ಅಕ್ಕ ಒಂದು ಚಮಚ ಬಾಯಿಗಿಟ್ಟುಕೊಂಡಳು, ನುಂಗಿದಳು, ಇನ್ನೊಂದು ತೆಗೆದುಕೊಂಡಳು. ನನ್ನ ಊಟ ಮುಗಿದಿತ್ತು, ಕೈ ಒಣಗುತ್ತಿತ್ತು. ಆಗ ಹೇಳಿದೆ.

“ಅಕ್ಕಾ, ಮನೇಲಿ ಯಾರಾದ್ರೂ ನೋಡಿದ್ರಾ ಅಂತ ಡಾಕ್ಟರು ಕೇಳಿದ್ರಲ್ಲ. ನಾನು ನೋಡಿದ್ದೆ. ಹುಳಿ ಇರ್ಲಿಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು. ಗೊತ್ತಿದ್ದದ್ದನ್ನ ಡಾಕ್ಟರಿಗೆ ಹೇಳೋದು ಬಿಟ್ಟು ನಿನ್ನ ಮೇಲೆ ಎತ್ತಿ ಹಾಕಿದೆ. ನಿಂದು ನಾಟಕ ಆಗಿರ್ಲಿಲ್ಲ. ತಪ್ಪು ನಂದು.”

ಅತ್ತುಬಿಡುತ್ತಾಳೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು.

“ಕಲೆ ವಿಷಯದಲ್ಲಿ ನೀನು ತಪ್ಪಿದ್ದು ನಾನು ಯಾವತ್ತೂ ನೋಡಿರ್ಲಿಲ್ಲ,” ಎಂದಳು. “ನೀನು ಅಷ್ಟು ಖಡಾಖಂಡಿತವಾಗಿ ಹೇಳಿದ್ಮೇಲೆ, ನಾನೇ ಉಗುಳ್ತಿದೀನಿ ಅಂದ್ಕೊಂಡೆ ಕಣೇ. ನಿದ್ದೇಲಿ, ನನಗೇ ಗೊತ್ತಾಗ್ದೆ. ತಲೆ ಕೆಟ್ಟಿದೆ ಅಂದ್ಕೊಂಡೆ. ಅದಕ್ಕೇ ಯಾವ ಡಾಕ್ಟರಿಗೂ ಹೇಳ್ಲಿಲ್ಲ. ಮೊನ್ನೆ ಆಸ್ಪತ್ರೇಲಿ ನೀನು ಕದ್ದು ತಿಂದಿದಾಳೆ ಅಂದ್ಯಲ್ಲ, ಯಾವಾಗ ತಿಂದೆ, ಏನು ತಿಂದೆ ಅಂತ ನೆನಪು ಮಾಡ್ಕೊಳ್ತಾ ಕೂತಿದ್ದೆ.”

ನನ್ನ ಮೇಲಿನ ಸಿಟ್ಟಿಗೆ ಅವಳು ಸುಮ್ಮನಿದ್ದಳು ಎಂದು ಎರಡು ವರ್ಷ ಅಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ನನ್ನನ್ನು ನಂಬಿದ್ದಳು.

ಅಕ್ಕ ಚಮಚ ಮತ್ತೆ ಕೈಗೆತ್ತಿಕೊಂಡಳು. “ಇನ್ನೊಂದ್ಸಲ ಹೇಳು,” ಎಂದಳು.

“ಏನನ್ನ?”

“ನಾಟಕ ಆಗಿರ್ಲಿಲ್ಲ ಅಂತ.”

ಹೇಳಿದೆ. ಅವಳು ಎರಡು ಚಮಚ ಊಟ ಮಾಡಿ ಮತ್ತೆ ಹೇಳು ಎಂದಳು. ಮತ್ತೆ ಹೇಳಿದೆ. ತಟ್ಟೆ ಖಾಲಿಯಾಗುವುದರೊಳಗೆ ನಾಲ್ಕು ಸಲ ಹೇಳಿಸಿದಳು. ಐದನೆಯ ಸಲ ಅವಳು ಕೇಳುವ ಮೊದಲೇ ನಾನು ಹೇಳಿದೆ.